ಗುಲಾಬಿ ಬುಡದ ಸಿಪ್ಪೆ

ಶಿವಯೋಗಪ್ಪ ಮೇಷ್ಟ್ರು ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಬಾಯಿಗೆ ಇಟ್ಟವರಲ್ಲ. ಅವರ ಗುಲಾಬಿ ಗಿಡಕ್ಕೆ ಆ ನಿಯಮವಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಅದು ಫ್ಲೋರಿಬಂಡಾ ಜಾತಿಯದು, ಒಂದೇ ಕಡ್ಡಿಗೆ ಗೊಂಚಲು ತುಂಬ ಹೂ ಬಿಡುತ್ತದೆ ಎಂದು ನರ್ಸರಿಯವನು ಹೇಳಿ ಕೊಟ್ಟಿದ್ದ. ಗಿಡವೇನೋ ಮಾತು ಉಳಿಸಿಕೊಂಡಿತು. ಆದರೆ ಪೂರ್ತಿ ಅರಳಿದ ಒಂದು ಗೊಂಚಲನ್ನು ಮೇಷ್ಟ್ರು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಕೊಟ್ಟೂರಿನ ಆ ಓಣಿಯಲ್ಲಿ ನಸುಕಿಗೇ ಪೂಜೆಯ ಹೂವಿಗೆ ಹೊರಡುವವರಿಗೆ ಯಾರ ಕಾಂಪೌಂಡೂ ಅಡ್ಡಿಯಲ್ಲ. ಪಕ್ಕದ ಮನೆಯ ನಾಗಲಿಂಗಮ್ಮ ಯಾರದೋ ಮದುವೆಯಲ್ಲಿ ಸಿಕ್ಕ ಹಳದಿ ತಾಂಬೂಲದ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಿದ್ದರು.

"ದೇವ್ರಿಗೆ ಹೂ ಹರಿಯಾಕ ಅಪ್ಪಣಿ ಬೇಕೇನ್ರಿ?" ಎಂದು ಕೇಳುತ್ತಲೇ ಅವರು ಚೀಲ ತುಂಬಿಕೊಳ್ಳುತ್ತಿದ್ದರು.

ಈ ಸಲ ಗೊಂಚಲು ದೊಡ್ಡದಿತ್ತು. ಮೊಟ್ಟೆಯ ಸಿಪ್ಪೆ ಹಾಕಿದರೆ ಹೂವಿಗೆ ಬಲ ಬರುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರು. ಮೇಷ್ಟ್ರು ಬಸ್‌ಸ್ಟ್ಯಾಂಡಿನ ಹತ್ತಿರ ಎಗ್‌ರೈಸ್ ಗಾಡಿ ಇಟ್ಟಿದ್ದ ಮಾರಣ್ಣನಿಂದ ಒಂದು ವಾರ ದಿನಾ ಸಿಪ್ಪೆ ಬೇಡಿ ತಂದು, ಕದ್ದವರ ಹಾಗೆ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದರು. ಭಾನುವಾರ ಬೆಳಿಗ್ಗೆ ನಾಗಲಿಂಗಮ್ಮ ಹೂವಿಗೆ ಕೈ ಚಾಚಿದಾಗ ಕಾಲಡಿ ಏನೋ ಚರಕ್ಕೆಂದಿತು.

"ಯಪ್ಪಾ ಶಿವನೇ! ತತ್ತಿ!"

ಚೀಲವನ್ನು ಎದೆಗವಚಿಕೊಂಡು ಅವರು ಹೊರಗೆ ಓಡಿದರು. ಓಣಿ ನೆರೆಯಿತು. ಎದುರುಮನೆಯ ಔಷಧಿ ಅಂಗಡಿ ಏಕಾಂತಪ್ಪ ಹಲ್ಲುಜ್ಜುತ್ತಲೇ ಬಂದು, ಕಡ್ಡಿಯಿಂದ ಮಣ್ಣು ಕೆದಕಿ ಪಂಚನಾಮೆ ಮಾಡಿದರು.

"ತತ್ತಿ ಸಿಪ್ಪಿನೇ ಐತ್ರಿ. ಜವಾರಿ ಅಲ್ಲ, ಫಾರಂದು."

ಅದು ಅವರಿಗೆ ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ.

"ಗಿಡಕ್ಕ ಹಾಕೀನ್ರಿ, ಗಿಡಕ್ಕ!" ಎಂದರು ಮೇಷ್ಟ್ರು.

"ಸಿಪ್ಪಿ ಗಿಡಕ್ಕ, ಖರೆ. ಒಳಗಿಂದು ಯಾರಿಗ್ರಿ?" ಎಂದರು ಏಕಾಂತಪ್ಪ.

ಮೇಷ್ಟ್ರು ಸಾಕ್ಷಿಗೆಂದು ಮೊಬೈಲು ತೆಗೆದರು. ಮೊದಲು ಬಂದದ್ದು ಮೊಟ್ಟೆ ಮಸಾಲೆಯ ಜಾಹೀರಾತು. ಜನ ಅದನ್ನು ಕೊನೆಯವರೆಗೂ ನೋಡಿ, ಗುಲಾಬಿಯ ವಿಷಯ ಶುರುವಾಗುವ ಹೊತ್ತಿಗೆ ಮುಖ ತಿರುಗಿಸಿದರು.

ಮಧ್ಯಾಹ್ನ ಹೆಂಡತಿ ಗಂಗಾಂಬಿಕಾ ಮೇಷ್ಟ್ರ ತಟ್ಟೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟರು. "ನಿಮ್ಮ ಗಿಡದ ಕೂಡನ ಕುಂತು ಉಣ್ರಿ."

ಮೇಷ್ಟ್ರು ರೊಟ್ಟಿ ನುಂಗಿ, ಸಂಜೆಗೆ ಮಾರಣ್ಣನನ್ನೇ ಕರೆತಂದರು. ಅವನು ಒಳ್ಳೆಯ ಮನುಷ್ಯ. ಓಣಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದ:

"ಮೇಷ್ಟ್ರು ವಾರದಿಂದ ದಿನಾ ನಮ್ಮ ಗಾಡಿಗೆ ಬರ್ತಾರ್ರಿ!"

ಒಯ್ದದ್ದು ಬರೀ ಸಿಪ್ಪೆ ಎಂದು ಅವನು ಮುಂದೆ ಹೇಳಿದ್ದು ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾಗಲಿಂಗಮ್ಮ ತೀರ್ಪು ಕೊಟ್ಟರು: "ಇನ್ನ ಈ ಗಿಡದ ಹೂ ದೇವ್ರಿಗೆ ಬರಂಗಿಲ್ಲ. ಯಾರೂ ಮುಟ್ಟಬ್ಯಾಡ್ರಿ!"

ಮೇಷ್ಟ್ರು ತಲೆ ತಗ್ಗಿಸಿದರು. ಒಳಗೊಳಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಯಿತು. ಮಾನ ಹೋದರೆ ಹೋಗಲಿ, ನಾಳೆ ಗೊಂಚಲು ಅರಳುತ್ತದೆ, ಕಣ್ತುಂಬ ನೋಡುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡು ಮಲಗಿದರು.

ಬೆಳಗಾಗುತ್ತಲೇ ಹೋಗಿ ನೋಡಿದರು. ಗೊಂಚಲು ಪೂರ್ತಿ ಅರಳಿತ್ತು. ಯಾರೂ ಒಂದು ಎಸಳನ್ನೂ ಕಿತ್ತಿರಲಿಲ್ಲ. ಆದರೆ ಕಡ್ಡಿ ಮುರಿದು ನೆಲಕ್ಕೆ ಬಿದ್ದಿತ್ತು, ಅದರ ಮೇಲೆ ಕಾಂಪೌಂಡಿನ ಆಚೆಯಿಂದ ಎಸೆದ ಗಂಟುಗಳು ಬಿದ್ದಿದ್ದವು. ಒಂದೊಂದನ್ನೇ ಬಿಚ್ಚಿದರು. ಎಲ್ಲದರಲ್ಲೂ ಮೊಟ್ಟೆಯ ಸಿಪ್ಪೆ. ಒಂದು ಏಕಾಂತಪ್ಪನ ಔಷಧಿ ಅಂಗಡಿಯ ಕವರು. ತಳದಲ್ಲಿದ್ದದ್ದು ಹಳದಿ ತಾಂಬೂಲದ ಚೀಲ. ಇಷ್ಟು ದಿನ ಸಿಪ್ಪೆಯನ್ನು ಮುಚ್ಚಿಟ್ಟುಕೊಂಡು ಊರಾಚೆ ಒಯ್ಯುತ್ತಿದ್ದ ಓಣಿಗೆ ಕೊನೆಗೂ ಹತ್ತಿರದಲ್ಲೇ ಒಂದು ಜಾಗ ಸಿಕ್ಕಿತ್ತು.

ಮೇಷ್ಟ್ರಿಗೆ ಅಳು ಬಂತು. ಅಷ್ಟರಲ್ಲಿ ಗೇಟಿನಿಂದ ನಾಗಲಿಂಗಮ್ಮನ ಕೂಗು ಕೇಳಿತು.

"ಬರ್ರೀ, ಎಲ್ಲಾರೂ ಬರ್ರಿ! ಒಂದ ರಾತ್ರ್ಯಾಗ ಎಷ್ಟು ತಿಂದಾರ ನೋಡ್ರಿ!"

ಮೇಷ್ಟ್ರು ಹಳದಿ ಚೀಲವನ್ನು ಎತ್ತಿ ಹಿಡಿದರು.

ನಾಗಲಿಂಗಮ್ಮ ಚೀಲವನ್ನು ದಿಟ್ಟಿಸಿ ನೋಡಿದರು. ಆಮೇಲೆ ಕೆನ್ನೆ ಬಡಿದುಕೊಂಡರು. "ಅಯ್ಯಯ್ಯ, ನನ್ನ ಪೂಜಿ ಚೀಲಾನೂ ಕದ್ದಾರಲ್ರೀ!"

ಗಂಗಾಂಬಿಕಾ ಒಳಗಿಂದ ಬಂದು, ಉಪ್ಪಿಟ್ಟಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹೋದರು.