ನುಂಗಿದ್ದು, ಉಳಿದಿದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ! ಈ ನಾಲ್ಕು ತಾಲ್ಲೂಕುಗಳಲ್ಲಿರುವ ಒಂದೊಂದು ನುಂಗುಮರವನ್ನೂ ಪತ್ತೆಹಚ್ಚಿ ದಾಖಲಿಸದೆ ಈ ನಟರಾಜು ವಿಶ್ರಮಿಸುವುದಿಲ್ಲ! ನಿವೃತ್ತನಾದ ಮೂರನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆಂದು ಘೋಷಿಸಿದೆ. ಒಳಗಿನಿಂದ ಜಯಕಾರವೇನೂ ಬರಲಿಲ್ಲ. ಒಗ್ಗರಣೆ ಮಾತ್ರ ಚಟಪಟ ಅಂದಿತು.

ನುಂಗುಮರ ಅಂದರೇನು ಎಂದು ನೀವು ಕೇಳುತ್ತೀರಿ. ನನ್ನ ಹೆಂಡತಿ ಜಯಲಕ್ಷ್ಮಮ್ಮ ಕೇಳಲಿಲ್ಲ, ಆದರೂ ಹೇಳಿದೆ. ಯಾರೋ ಮರಕ್ಕೊಂದು ಬೋರ್ಡು ಹೊಡೆಯುತ್ತಾರೆ, ಸರಪಳಿ ಸುತ್ತುತ್ತಾರೆ, ಬುಡದಲ್ಲಿ ಮೈಲಿಗಲ್ಲು ನೆಡುತ್ತಾರೆ. ಆಮೇಲೆ ಮರೆತುಬಿಡುತ್ತಾರೆ. ಮರ ಮರೆಯುವುದಿಲ್ಲ. ವರ್ಷ ವರ್ಷ ದಪ್ಪವಾಗುತ್ತಾ, ತೊಗಟೆಯ ತುಟಿ ಚಾಚಿ, ಅದನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಈ ರಸ್ತೆಗಳಲ್ಲಿ ನೇತಾಡಿದವನು ನಾನು, ಫುಟ್‌ಬೋರ್ಡಿನಿಂದಲೇ ಇವೆಲ್ಲ ನೋಡಿದ್ದೆ. ಪಿರಿಯಾಪಟ್ಟಣದ ದಾರಿಯ ಆಲದಮರ ಮೈಲಿಗಲ್ಲನ್ನು ಅರ್ಧ ತಿಂದು ‘ಪಟ್ಟಣ’ವನ್ನಷ್ಟೇ ಉಳಿಸಿತ್ತು. ಕೆ.ಆರ್. ನಗರದ ಹತ್ತಿರದ ಒಂದು ಅರಳಿ ಯಾವುದೋ ಕಾಲದ ಚುನಾವಣೆಯ ತಗಡಿನ ಅಭ್ಯರ್ಥಿಯನ್ನು ಪೂರ್ತಿ ನುಂಗಿ, ಮುಗಿದ ಎರಡು ಕೈಗಳನ್ನು ಮಾತ್ರ ಹೊರಗೆ ಬಿಟ್ಟಿತ್ತು.

ನನ್ನ ದಾಖಲೆ ಪುಸ್ತಕವೂ ಟಿಕೆಟ್ ಲೆಕ್ಕ ಬರೆಯುತ್ತಿದ್ದ ಹಳೆಯ ವೇಬಿಲ್ಲಿನ ಧಾಟಿಯಲ್ಲೇ ಇತ್ತು. ಕ್ರಮಸಂಖ್ಯೆ, ಮರ, ನುಂಗಿದ್ದು, ಉಳಿದಿದ್ದು ಎಂದು ನಾಲ್ಕು ಕಾಲಂ. ಎರಡು ವರ್ಷದಲ್ಲಿ ಮೂವತ್ತೇಳು ಮರ ಹತ್ತಿಸಿಕೊಂಡೆ. ಕಾಕನಕೋಟೆ ಕಡೆ ಮತ್ತಿಮರವೊಂದು ನುಂಗಿದ ತಂತಿಯ ಸುತ್ತು ಎಣಿಸುವಾಗ ಆನೆ ಬಂದು, ಎಡಗಾಲಿನ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿಬಂದೆ. ಮನೆಯಲ್ಲಿ ಇದನ್ನೆಲ್ಲ ಶೌರ್ಯವೆಂದು ಯಾರೂ ಒಪ್ಪಲಿಲ್ಲ.

“ಇನ್ನೊಂದ್ ನುಂಗುಮರ ನಮ್ಮನೇಲೇ ಅದೆ. ಒತ್ತಿಗೆರಡು ಮುದ್ದೆ ನುಂಗ್ತದೆ. ಮೊದ್ಲು ಅದ್ನ ಬರ್ಕೊಳಿ,” ಅಂದಳು ಜಯಲಕ್ಷ್ಮಮ್ಮ.

ಇಷ್ಟರಲ್ಲಿ ನಮ್ಮ ಮಗಳು ಅನುಶ್ರೀಯ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರುವವನು ಸೋದರಮಾವ. ಅವಳಿಗಿರುವ ಒಬ್ಬನೇ ಸೋದರಮಾವ, ಜಯಲಕ್ಷ್ಮಮ್ಮನ ತಮ್ಮ ಕಾಂತರಾಜು. ಅವನು ನಮ್ಮ ಹೊಸಿಲು ತುಳಿಯದೆ ಮೂವತ್ತಮೂರು ವರ್ಷವಾಗಿತ್ತು. ಕಾರಣ, ನನ್ನ ಟಿಕೆಟ್ ಪಂಚು.

ಈಗಿನ ಮಿಷನ್ನು ಕುಯ್ಯೆಂದು ಚೀಟಿ ಕಕ್ಕುತ್ತದೆ. ಆಗ ಹಾಗಲ್ಲ. ಬಣ್ಣಬಣ್ಣದ ಟಿಕೆಟ್ ಕಟ್ಟು, ಬೆರಳಿಗೆ ಪಂಚು. ಟಕ್ ಟಕ್ ಅನ್ನಿಸುತ್ತಾ ಬಸ್ಸಿನ ನಡುವೆ ನಡೆದರೆ ಹೊಗೆಸೊಪ್ಪಿನ ಗಮಲು, ಬುಟ್ಟಿಯೊಳಗಿನ ಕೋಳಿಯ ಗೊಣಗು, ಕಿಟಕಿಯ ಪಕ್ಕ ಹಂಪಾಪುರದಲ್ಲಿ ಹತ್ತಿದ ಎರಡು ಜಡೆಯ ಹುಡುಗಿ. ಆ ಹುಡುಗಿಯ ಟಿಕೆಟ್ಟಿಗೆ ಮಾತ್ರ ಎರಡು ತೂತು ಹಾಕುತ್ತಿದ್ದೆ. ಅವಳೇ ಜಯಲಕ್ಷ್ಮಮ್ಮ. ಆ ಟಕ್ ಸದ್ದು ನೆನೆದರೆ ಇವತ್ತಿಗೂ ನನ್ನ ಹೆಬ್ಬೆರಳು ತಾನಾಗಿ ಮಡಚುತ್ತದೆ.

ಮದುವೆಯಾದ ಹೊಸದರಲ್ಲಿ, ಹಂಪಾಪುರದ ಹತ್ತಿರದ ಮಾವನ ಮನೆಗೆ ಡ್ಯೂಟಿ ಮುಗಿಸಿ ನೇರವಾಗಿ ಹೋಗಿದ್ದೆ. ಪಿಯುಸಿ ಫೇಲಾಗಿ ಮನೆಯಲ್ಲಿದ್ದ ಕಾಂತರಾಜುವಿಗೆ ಕಂಡಕ್ಟರಾಗುವ ಹುಚ್ಚು. ನನ್ನ ಪಂಚು ಕಿತ್ತುಕೊಂಡು ಹಲಸಿನ ಎಲೆಗಳಿಗೆಲ್ಲ ತೂತು ಹೊಡೆದು, ಬಂದ ನೆಂಟರಿಗೆ ಟಿಕೆಟ್ ಹಂಚಿದ. ಅವತ್ತು ಬಾಡೂಟ. ಮಾವ ಎರಡು ಲೋಟ ಹೆಂಡವನ್ನೂ ಸುರಿದಿದ್ದರು. (ನಾನು ಕುಡಿದಿರಲಿಲ್ಲ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.) ಮಾರನೆಯ ಬೆಳಿಗ್ಗೆ ಎದ್ದರೆ ಡಿಪೊ ಕೊಟ್ಟ ನಾನೂರ ಹದಿನೇಳನೇ ನಂಬರಿನ ಪಂಚು ಇಲ್ಲ! ಡಿಪೊದಲ್ಲಿ ಮೆಮೊ ಕೊಡುತ್ತಾರೆಂಬ ಭಯಕ್ಕೆ ಎಲ್ಲರ ಎದುರಿಗೆ ಕೂಗಿದೆ: “ನಿಮ್ಮ ಕಾಂತರಾಜುನೇ ಪಂಚು ನುಂಗಿರೋದು!” ಮಾವ ಬಾರುಕೋಲು ತೆಗೆದುಕೊಂಡರು. ಅವನು ಎಷ್ಟು ಹೊಡೆತ ತಿಂದರೂ ತೆಗೆದಿಲ್ಲ ಅಂದ. ನಾನು ನಂಬಲಿಲ್ಲ.

ಈಗ ಜಯಲಕ್ಷ್ಮಮ್ಮ ಲಗ್ನಪತ್ರಿಕೆ ಕೈಯಲ್ಲಿ ಹಿಡಿದು, ಯಾವತ್ತೂ ಕೇಳದವಳು ಕೇಳಿದಳು. “ನೀವೇ ಬಂದು ಒಂದ್ ಮಾತು ತೆಪ್ಪಾಯ್ತು ಅನ್ನಿ. ನನ್ ತಮ್ಮ ಇಲ್ದೆ ನನ್ ಮಗಳು ಅಸೆಗೆ ಬರೋದ್ ನಾ ನೋಡಕಿಲ್ಲ.”

ಬರುತ್ತೇನೆ ಅಂದೆ. ತಪ್ಪಾಯ್ತು ಅನ್ನುವ ಭಾಗಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ದಾಖಲೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೆ. ಆ ಕಡೆ ಇನ್ನೂ ನೋಡದ ಮರಗಳಿದ್ದವು, ನೋಡಿ!

ಬಸ್ಸಿಳಿದದ್ದೇ ನನ್ನ ಕಾಲು ಹಿಂಜರಿಯಿತು. ನೀನು ಮುಂದೆ ಹೋಗಿರು, ಒಂದು ಟೀ ಕುಡಿದು ಬರುತ್ತೇನೆಂದು ಅವಳನ್ನು ಕಳಿಸಿದೆ. ಮಾವನ ಮಣ್ಣಿಗೆ ಬಂದು ಹೋದದ್ದು ಬಿಟ್ಟರೆ ನಾನು ಆ ಊರಿಗೆ ಬಂದವನೇ ಅಲ್ಲ. ಹಾಗಾಗಿ ಟೀ ಅಂಗಡಿಯಲ್ಲಿ ಯಾರಿಗೂ ಖಾಕಿ ತೊಡದ ನನ್ನ ಗುರುತು ಸಿಗಲಿಲ್ಲ. ಪುಸ್ತಕ ಬಿಚ್ಚಿ, ಪೆನ್ನು ತೆಗೆದು, ಗಂಭೀರವಾಗಿ ಕೇಳಿದೆ: “ಈ ಊರಲ್ಲಿ ಮರ ನುಂಗಿರೋದು ಏನಾದ್ರೂ ಇದ್ಯಾ? ಎಲ್ಲಾ ಬರ್ಕೊಂಡು ಹೋಗೋಕೆ ಬಂದಿದೀನಿ.”

ಟೀ ಲೋಟಗಳೆಲ್ಲ ಅರ್ಧಕ್ಕೇ ಬೆಂಚಿಗೆ ಇಳಿದವು. ಬೆಂಚಿನ ತುದಿಯಲ್ಲಿದ್ದ ಹುಚ್ಚಯ್ಯ ಎಂಬಾತ ಹತ್ತಿರ ಸರಿದು ಪಿಸುಗುಟ್ಟಿದ. “ನುಂಗ್ದೆ ಇರೋರ್ನ ಬರ್ಕೊಳಿ ಸಾ, ಬಿರ್ನೆ ಮುಗೀತದೆ.”

ನಾನು ಕೇಳಿದ್ದು ಮರವು ನುಂಗಿದ್ದನ್ನು. ಅವರಿಗೆ ಕೇಳಿಸಿದ್ದು ಮರವನ್ನು ನುಂಗಿದ್ದು! ಗುಂಡುತೋಪಿನ ಸರ್ಕಾರಿ ಮರಗಳೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿಗೆ ಸೌದೆಯಾಗಿ ಮಾಯವಾಗಿದ್ದವಂತೆ. ತನಿಖೆಯ ಸಾಹೇಬರು ಬಂದೇಬಿಟ್ಟರು ಎಂದುಕೊಂಡು ಒಬ್ಬೊಬ್ಬರೂ ಇನ್ನೊಬ್ಬರ ಹೆಸರು ಹೇಳತೊಡಗಿದರು. ನಾನು ಅಯ್ಯೋ ಅದಲ್ಲ ಕಣ್ರೀ ಎನ್ನುವಷ್ಟರಲ್ಲಿ ಹುಚ್ಚಯ್ಯ ಪಕ್ಕದ ಹೊಲದವನ ಮೇಲಿದ್ದ ಬದು ಜಗಳದ ಸೇಡನ್ನೂ ಸೇರಿಸಿದ. “ಕಾಂತರಾಜು, ಎಲ್ಡು ಉಣಸೆಮರ. ಬರ್ಕೊಳಿ ಸಾ.”

ಈಗ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬರೆದುಕೊಂಡೆ. ಮೂವತ್ತಮೂರು ವರ್ಷ ನಾನು ಹೇಳಿದ್ದನ್ನು ಊರೇ ಹೇಳುತ್ತಿದೆಯಲ್ಲ ಎಂಬ ಖುಷಿಗೆ, ‘ನುಂಗಿದ್ದು’ ಕಾಲಮ್ಮಿನ ಪಕ್ಕ ಅವನ ಹೆಸರನ್ನು ದುಂಡಗೆ ಬರೆದೆ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಪುಸ್ತಕ ಹಿಡಿದ ಆ ಸಾಹೇಬರು ಯಾರೆಂದು ಜಯಲಕ್ಷ್ಮಮ್ಮನಿಗೆ ಗೊತ್ತಾಗಿತ್ತು. ಕಾಂತರಾಜು ಜಗಲಿಯ ಮೇಲೆ ನಿಂತಿದ್ದ. ತಲೆ ನರೆತು, ಥೇಟ್ ಮಾವನ ಹಾಗೇ ಆಗಿದ್ದ. ಅವನ ಹಿಂದೆ ಜಯಲಕ್ಷ್ಮಮ್ಮ, ಪತ್ರಿಕೆಯಿಟ್ಟ ತಟ್ಟೆ ಹಿಡಿದು ಅಳುತ್ತಿದ್ದಳು.

“ಆವತ್ತು ಪಂಚ್ ನುಂಗ್ದೆ ಅಂದ್ರಿ. ಇವತ್ತು ಮರ ನುಂಗ್ದೆ ಅಂತ ಬರ್ಕೊಂಡ್ರಂತೆ,” ಅಂದ ಅವನು, ದನಿ ಏರಿಸದೆ. “ಬನ್ನಿ ಬಾವ. ಇತ್ಲಲ್ಲಿರೋ ಮರಾನೂ ಎಣಿಸ್ಕೊಂಡ್ ಓಗಿ. ಆಮೇಲೆ ಕಮ್ಮಿ ಅನ್ಬ್ಯಾಡಿ.”

ಕುರಿಯ ಹಾಗೆ ಅವನ ಹಿಂದೆ ಹಿತ್ತಲಿಗೆ ಹೋದೆ, ಜಯಲಕ್ಷ್ಮಮ್ಮನೂ ಬಂದಳು. ಅಲ್ಲಿ ನನ್ನ ಮದುವೆಯ ಕಾಲದ್ದೇ ಮಾವಿನಮರ. ಆಗ ಅದರ ಕೆಳಗೆ ಮಾವನ ಎತ್ತಿನಗಾಡಿ ನಿಲ್ಲುತ್ತಿತ್ತು. ತಲೆ ತಗ್ಗಿಸಿ ನಿಲ್ಲುವ ಬದಲು ಅಭ್ಯಾಸಬಲದಿಂದ ತಲೆ ಎತ್ತಿದೆ. ಎರಡಾಳು ಎತ್ತರದ ಕವಲಿನಲ್ಲಿ, ತೊಗಟೆಯ ನಡುವಿನಿಂದ, ಎರಡು ಕಬ್ಬಿಣದ ಕೊಂಬು ಇಣುಕುತ್ತಿದ್ದವು!

“ನುಂಗಿದೆ! ನುಂಗಿದೆ! ಏಣಿ ತನ್ನಿ! ಮೂವತ್ತೆಂಟನೇ ಮರ!” ಎಂದು ಕುಣಿದುಬಿಟ್ಟೆ. ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಎಂಬುದೇ ಮರೆತುಹೋಗಿತ್ತು.

“ಅದ್ಯಾವ್ದೋ ಮೊಳೆ,” ಅಂದ ಕಾಂತರಾಜು. “ಕಾಯಿ ಕೀಳೋವಾಗ ಚೀಲ ನೇತಾಕ್ತೀನಿ ಅದ್ಕೆ.”

ಆದರೂ ಏಣಿ ತಂದುಕೊಟ್ಟ. ಹತ್ತಿ ನೋಡಿದರೆ ಮೊಳೆಯಲ್ಲ, ಯಾವುದೋ ಸಾಮಾನಿನ ಹಿಡಿ. ಬೀಗದ ಕೈಯಿಂದ ತುಕ್ಕು ಕೆರೆದೆ. ಅಂಕಿ ಕಂಡಿತು. ಕಂಡಕ್ಟರ್ ಅಲ್ಲವೇ, ಅಂಕಿ ಕಂಡರೆ ಜೋರಾಗಿ ಓದುವ ಚಟ. “ನಾನೂರ...” ಅಂದೆ. ಉಳಿದ ಅಂಕಿಯ ತುಕ್ಕನ್ನು ಇನ್ನೊಮ್ಮೆ ಕೆರೆದೆ.

“ಅದಿನೇಳು,” ಅಂದ ಕೆಳಗಿನಿಂದ ಕಾಂತರಾಜು. ಬಾರುಕೋಲಿನ ಒಂದೊಂದು ಏಟಿಗೂ ಮಾವ ಕೇಳುತ್ತಿದ್ದರಲ್ಲ, ನಾನೂರ ಹದಿನೇಳು ಎಲ್ಲಿ ಎಂದು. ಅವನು ಮರೆತಿರಲಿಲ್ಲ.

ಏಣಿಯ ಮೇಲೆ ನಿಂತಿದ್ದ ಹಾಗೇ ನನಗೆಲ್ಲ ನೆನಪಾಯಿತು. ಅವನು ಮತ್ತೆ ಎಲೆಗಳಿಗೆ ತೂತು ಹೊಡೆದಾನೆಂದು, ಹೆಂಡದ ಅಮಲಿನಲ್ಲಿ ಮರದಡಿಯ ಗಾಡಿ ಹತ್ತಿ, ಅವನ ಕೈಗೆ ಸಿಗದ ಕವಲಿನಲ್ಲಿ ಪಂಚನ್ನು ಸಿಗಿಸಿದವನು ನಾನೇ. ಬೆಳಿಗ್ಗೆ ಗಾಡಿ ಹೊಲಕ್ಕೆ ಹೋಗಿತ್ತು, ನನ್ನ ನೆನಪೂ ಅದರ ಜೊತೆ ಹೋಗಿತ್ತು.

ಇಳಿದು ಬಂದು ಎಲ್ಲವನ್ನೂ ಹೇಳಿದೆ, ಆ ಎರಡು ಲೋಟವನ್ನೂ ಸೇರಿಸಿ. ತಪ್ಪಾಯ್ತು ಕಾಂತರಾಜು ಅಂದೆ. ಒಂದು ಸಲ ಬಾಯಿಗೆ ಬಂದ ಮೇಲೆ ಅದು ನಿಲ್ಲಲೇ ಇಲ್ಲ, ನಾಲ್ಕೈದು ಸಲ ಅಂದೆ. ಅವನು ತಾನೇ ಏಣಿ ಹತ್ತಿ, ಆ ಅಂಕಿಯ ಮೇಲೆ ಬೆರಳಾಡಿಸಿ ಇಳಿದ. ಅವನ ಕಣ್ಣು ತುಂಬಿತ್ತು. ಆಮೇಲೆ ನನ್ನ ಕಂಕುಳಿನ ಪುಸ್ತಕಕ್ಕೆ ಕೈ ಹಾಕಿ, ತನ್ನ ಹೆಸರಿದ್ದ ಸಾಲನ್ನು ಹೊಡೆದುಹಾಕಿ, ಕೆಳಗೆ ಏನೋ ಬರೆದು ಅಕ್ಕನ ಕೈಗೆ ಕೊಟ್ಟ.

ಜಯಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಓದಿದಳು.

“ಮೂವತ್ತೆಂಟು. ಮರ: ಮಾವು. ನುಂಗಿದ್ದು: ಪಂಚು. ಉಳಿದಿದ್ದು: ಹಿಡಿ.”

ಮುಂದಿನ ಸಾಲಿಗೆ ಬೆರಳಿಟ್ಟು ಓದಿದಳು.

“ಮೂವತ್ತೊಂಬತ್ತು. ಮರ: ನಮ್ ಬಾವ. ನುಂಗಿದ್ದು: ಮೂವತ್ತಮೂರು ವರ್ಷ. ಉಳಿದಿದ್ದು: ಅನುಶ್ರೀ ಮದುವೆ. ಬತ್ತೀನಿ.”

ಅವಳು ಪುಸ್ತಕವನ್ನು ನನ್ನ ಕೈಗಿಟ್ಟು, ಏನಾದರೂ ಅನ್ನಿ ಎಂಬಂತೆ ನೋಡಿದಳು. ನಾನು ಉಗುಳು ನುಂಗಿದೆ. ಅದನ್ನು ಬರೆದುಕೊಳ್ಳಲು ಹಾಳೆಯಲ್ಲಿ ಜಾಗ ಉಳಿದಿರಲಿಲ್ಲ.