ಮುದ್ದೆಮಾಲು ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಕೂಡದು

ಡ್ರೈ ಫೋರ್ಕ್ ಕೌಂಟಿ ನ್ಯಾಯಾಲಯ
ಶಿರಸ್ತೇದಾರರ ಕಛೇರಿ

ಸುತ್ತೋಲೆ ಸಂಖ್ಯೆ: ಡ್ರೈಫೋ/ಫೌಜು/ಪಾತ್ರೆ/4
(ಇದೇ ವಿಷಯದ ಹಿಂದಿನ ಮೂರು ಸುತ್ತೋಲೆಗಳನ್ನು ಯಾರೂ ಓದಿಲ್ಲವೆಂಬುದು ಸಾಬೀತಾಗಿರುವುದರಿಂದ)

ದಿನಾಂಕ: ಬುಧವಾರ, ನ್ಯಾಯಾಧೀಶರು ಬರುವ ದಿನ

ವಿಷಯ: ಕೌಂಟಿ ನ್ಯಾಯಾಲಯದಲ್ಲಿ ಫೌಜುದಾರಿ ಪ್ರಕರಣಗಳು ಸಾಗುವ ಕ್ರಮ ಹಾಗೂ ಸದರಿ ಕ್ರಮಕ್ಕೆ ತಿನಿಸು ತುಂಬಿದ ಪಾತ್ರೆಗಳು ಅಡ್ಡಬಾರದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: 1) ರಾಜ್ಯ ವಿರುದ್ಧ ಅರ್ಲಿಸ್ ಹಿನ್ರಿಕ್ಸೆನ್ (ಕಿರು ಕಳವು).
2) ಷರೀಫರ ಕಛೇರಿಯ ಪತ್ರ (ಬೆಣ್ಣೆ ಅಂಟಿರುವುದರಿಂದ ದಿನಾಂಕ ಓದಲಾಗುವುದಿಲ್ಲ).
3) ಚರ್ಚಿನ ಪಾತ್ರೆ ತೊಳೆಯುವ ಮಹಿಳೆಯರ ಮೌಖಿಕ ಆಕ್ಷೇಪಣೆ, ದಿನಸಿ ಅಂಗಡಿಯ ಮುಂದೆ ಸ್ವೀಕರಿಸಿದ್ದು.

ಪ್ರಸ್ತಾವನೆ:

ಫಿರ್ಯಾದಿ ಶ್ರೀಮತಿ ಲವರ್ನ್ ಪೊಸ್ಪಿಶಿಲ್ ಮತ್ತು ಆರೋಪಿ ಶ್ರೀಮತಿ ಅರ್ಲಿಸ್ ಹಿನ್ರಿಕ್ಸೆನ್ ಇವರ ಮನೆಗಳು ಜಲ್ಲಿರಸ್ತೆಯ ಎರಡು ಬದಿಗೆ ಎದುರುಬದುರಾಗಿರುತ್ತವೆ. ಮದುವೆಯಾಗಿ ಬಂದಂದಿನಿಂದ ಇಬ್ಬರೂ ಬೆಳಗಿನ ಕಾಫಿಯನ್ನು ಒಂದೇ ಮೇಜಿನಲ್ಲಿ ಕುಡಿಯುತ್ತಿದ್ದರೆಂಬುದಕ್ಕೆ ಸಾಕ್ಷಿ ಬೇಕಿಲ್ಲ. ಇಡೀ ಕೌಂಟಿಗೆ ಗೊತ್ತು. ಕಳೆದ ವರ್ಷದ ಚಳಿಗಾಲದಲ್ಲಿ ಫಿರ್ಯಾದಿಯ ಪತಿ ಎಮಿಲ್ ತೀರಿಕೊಂಡರು. ಅಂತ್ಯಕ್ರಿಯೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ವಾಡಿಕೆಯ ಊಟವಾಗಿ, ಪ್ರತಿ ಮನೆಯಿಂದಲೂ ಗಾಜಿನ ಪಾತ್ರೆಯಲ್ಲಿ ಏನಾದರೊಂದು ಬೇಯಿಸಿದ್ದು ಬಂದಿತ್ತು. ದುಃಖದ ಮನೆಯವರು ಒಲೆ ಹಚ್ಚಬಾರದೆಂಬ ಪದ್ಧತಿಯನ್ನು ಮುರಿದು ಫಿರ್ಯಾದಿಯೂ ಎಮಿಲ್‌ಗೆ ಇಷ್ಟವಾದ ನೂಡಲ್ಸ್ ಮಾಡಿ ತಂದಿದ್ದರು.

ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಮನೆಯೊಡತಿಯ ಹೆಸರು ಬರೆಯುವುದು ಇಲ್ಲಿನ ಕ್ರಮ. ಅಂದು ತೊಳೆದ ನೀರು ಕುದಿಯುತ್ತಿದ್ದ ಕಾರಣ ಪಟ್ಟಿಗಳೆಲ್ಲ ಕಿತ್ತುಬಂದವು. ಆರೋಪಿಯು ತನ್ನದೆಂದು ತಿಳಿದು ಫಿರ್ಯಾದಿಯ ಪಾತ್ರೆಯನ್ನು ಒಯ್ದರು. ಆಮೇಲೆ ಹಿಂದಿರುಗಿಸಲಿಲ್ಲ. ಅಂದಿನಿಂದ ಬೆಳಗಿನ ಕಾಫಿಯೂ ನಿಂತಿರುತ್ತದೆ.

ಇಷ್ಟಕ್ಕೆ ಈ ನ್ಯಾಯಾಲಯವು ಒಂದು ವರ್ಷಕ್ಕೂ ಮೇಲ್ಪಟ್ಟು ದುಡಿಯಬೇಕಾಗಿ ಬಂದಿದೆ. ಆದ್ದರಿಂದ ಸಮಸ್ತ ಸಿಬ್ಬಂದಿ ಹಾಗೂ ಸಾರ್ವಜನಿಕರಿಗೆ ಈ ಮೂಲಕ ಸೂಚಿಸುವುದೇನೆಂದರೆ:

1. ದೂರು. ದೂರು ನೀಡುವವರು ತಮಗೆ ನಿಜವಾಗಿ ಏನು ಬೇಕೆಂಬುದನ್ನು ದೂರು ನೀಡುವ ಮುನ್ನ ನಿರ್ಧರಿಸಿಕೊಳ್ಳತಕ್ಕದ್ದು. ಈಸ್ಟರ್ ಹಬ್ಬದ ಮರುದಿನ ಫಿರ್ಯಾದಿಯು ದೂರವಾಣಿಯಲ್ಲಿ, "ನನ್ ಪಾತ್ರೆ ತಗೊಂಡ್ಹೋಗಿ ಕೂತಿದಾಳೆ, ಈ ಕಡೆ ತಲೆ ಹಾಕಿಲ್ಲ ನೋಡಿ" ಎಂದು ಹೇಳಿರುತ್ತಾರೆ. ಈ ಹೇಳಿಕೆಯ ಪೂರ್ವಾರ್ಧವು ಕಳವು ಎನಿಸಿಕೊಳ್ಳುತ್ತದೆ. ಉತ್ತರಾರ್ಧಕ್ಕೆ ದಂಡಸಂಹಿತೆಯ ಯಾವ ಕಲಮೂ ಅನ್ವಯವಾಗುವುದಿಲ್ಲ. ಆದ್ದರಿಂದ ಪೂರ್ವಾರ್ಧವನ್ನು ಮಾತ್ರ ದಾಖಲಿಸಿಕೊಳ್ಳಲಾಯಿತು.

2. ಜಪ್ತಿ. ಮುದ್ದೆಮಾಲನ್ನು, ಅಂದರೆ ಪ್ರಕರಣದ ಸಾಕ್ಷ್ಯವಸ್ತುವನ್ನು, ಇದ್ದ ಸ್ಥಿತಿಯಲ್ಲೇ ವಶಪಡಿಸಿಕೊಳ್ಳತಕ್ಕದ್ದು. ಉಪಷರೀಫ್ ಡ್ವೇನ್ ಕುಚೇರಾ ಇವರು ಪಾತ್ರೆ ಜಪ್ತಿಗೆ ಹೋದಾಗ ಆರೋಪಿಯು, "ಬರೀ ಪಾತ್ರೆ ಕೊಟ್ಟು ಕಳಿಸೋಕಾಗುತ್ತೇನಪ್ಪಾ? ಕೂತ್ಕೋ" ಎಂದು ಹೇಳಿ, ಆಲೂಗೆಡ್ಡೆ, ಹಂದಿಮಾಂಸ ಹಾಗೂ ಕೆನೆಯನ್ನು ತುಂಬಿ, ಬೇಯುವ ತನಕ ಸದರಿ ಅಧಿಕಾರಿಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಿರುತ್ತಾರೆ. ಎರವಲು ಪಾತ್ರೆಯನ್ನು ಬರಿದಾಗಿ ಯಾರ ಕೈಗೂ ಕೊಡಬಾರದೆಂಬ ಪದ್ಧತಿಯನ್ನು ಈ ಕಛೇರಿಯೂ ಒಪ್ಪುತ್ತದೆ. ಆದರೆ ಮುದ್ದೆಮಾಲಿನ ಒಳಭಾಗವು ಷರೀಫರ ಕಛೇರಿಯಲ್ಲಿ ಮಧ್ಯಾಹ್ನದೊಳಗೆ ನಾಶವಾದದ್ದನ್ನು ಒಪ್ಪುವುದಿಲ್ಲ. ಸಾಕ್ಷ್ಯನಾಶದ ವಿಚಾರಣೆಯಲ್ಲಿ, "ಆರಿಹೋಗ್ತಿತ್ತು ಮೇಡಂ" ಎಂಬ ಸಮಜಾಯಿಷಿಯನ್ನು ಇನ್ನು ಮುಂದೆ ಪರಿಗಣಿಸಲಾಗುವುದಿಲ್ಲ.

3. ಪ್ರಕರಣದ ಹೆಸರು. ಪ್ರತಿಯೊಂದು ಫೌಜುದಾರಿ ಪ್ರಕರಣದಲ್ಲಿ ರಾಜ್ಯವೇ ವಾದಿ. ಫಿರ್ಯಾದಿಗೆ ಕೋಪ ಇಳಿದರೂ ರಾಜ್ಯಕ್ಕೆ ಇಳಿಯುವುದಿಲ್ಲ. ಫಿರ್ಯಾದಿಯು ದೂರು ಹಿಂಪಡೆಯಲು ಈ ಕಛೇರಿಯ ಕಿಟಕಿಗೆ ಬಂದು, "ಪಾತ್ರೆ ನಂದು, ಸಿಟ್ಟು ನಂದು, ರಾಜ್ಯಕ್ಕೇನ್ರೀ ನಡುವೆ ಕೆಲಸ?" ಎಂದು ಕೇಳಿರುತ್ತಾರೆ. ಈ ಪ್ರಶ್ನೆಗೆ ಉತ್ತರಿಸುವ ಅಧಿಕಾರ ಈ ಕಛೇರಿಗೆ ಇರುವುದಿಲ್ಲ. ಸರ್ಕಾರಿ ವಕೀಲರಿಗೆ ಇದೆ. ಅವರು ಅಂದು ಟ್ರ್ಯಾಕ್ಟರ್ ಹರಾಜಿಗೆ ಹೋಗಿದ್ದರು.

4. ಆರೋಪಕ್ಕೆ ಉತ್ತರ. ನ್ಯಾಯಾಧೀಶರು ಆರೋಪವನ್ನು ಓದಿ ಕೇಳಿದಾಗ, ಆರೋಪಿಗೆ ಮೂರು ಉತ್ತರಗಳು ಮಾತ್ರ ಲಭ್ಯ: ತಪ್ಪಿತಸ್ಥೆ, ತಪ್ಪಿತಸ್ಥೆಯಲ್ಲ, ತಕರಾರಿಲ್ಲ. ನಾಲ್ಕನೆಯ ಉತ್ತರವನ್ನು ಸೃಷ್ಟಿಸಕೂಡದು. ಈ ಪ್ರಕರಣದಲ್ಲಿ ಆರೋಪಿಯು, "ತಗೊಂಡು ಹೋಗಿದ್ದು ಹೌದು ಜಡ್ಜ್ ಸಾಹೇಬ್ರೇ. ಕದ್ದಿದ್ದು ಇಲ್ಲ. ವಾಪಸ್ ಕೊಡೋಣ ಅಂದ್ರೆ, ಇನ್ಮೇಲೆ ಯಾರೂ ಏನೂ ತರ್ಬೇಡಿ ಅಂತ ಮಣ್ಣಿನ ದಿನಾನೇ ಅವಳೇ ಅಂದಿದ್ಲು. ತುಂಬಿಸಿ ಕೊಡೋ ಹಾಗಿಲ್ಲ, ಬರಿದು ಕೊಡೋ ಹಾಗಿಲ್ಲ. ನೀವೇ ಹೇಳಿ, ನಾನೇನ್ ಮಾಡ್ಲಿ?" ಎಂದು ನ್ಯಾಯಾಲಯಕ್ಕೇ ಪ್ರಶ್ನೆ ಹಾಕಿರುತ್ತಾರೆ. ನ್ಯಾಯಾಧೀಶರು ಆರೋಪಿಯ ಉತ್ತರದ ಜಾಗದಲ್ಲಿ 'ತಪ್ಪಿತಸ್ಥೆಯಲ್ಲ' ಎಂದು ಬರೆದುಕೊಂಡರು. ಹಿಂದಿನ ಬೆಂಚಿನಿಂದ ಸಾರ್ವಜನಿಕರು ಉತ್ತರ ಸೂಚಿಸುವುದನ್ನು ನಿಷೇಧಿಸಲಾಗಿದೆ.

5. ಸಂಪರ್ಕ ನಿಷೇಧ. ಜಾಮೀನಿನ ಮೇಲೆ ಹೊರಗಿರುವ ಆರೋಪಿಯು ಫಿರ್ಯಾದಿಯೊಡನೆ ನೇರವಾಗಿ ಅಥವಾ ಬೇರೊಬ್ಬರ ಮೂಲಕ ಯಾವ ಸಂಪರ್ಕವನ್ನೂ ಇಟ್ಟುಕೊಳ್ಳಕೂಡದು. ಇದು ಎಲ್ಲ ಪ್ರಕರಣಗಳಿಗೂ ಹಾಕುವ ಷರತ್ತು. ಹೊಡೆದಾಟದ ಗಂಡಸರಿಗೆಂದು ಮಾಡಿದ್ದು. ಈ ಪ್ರಕರಣದಲ್ಲಿ ಇದರ ಪರಿಣಾಮವೇನೆಂದರೆ, ಗಂಡನನ್ನು ಕಳೆದುಕೊಂಡ ಹೆಂಗಸು ಮತ್ತು ಆಕೆಗೆ ಇದ್ದ ಒಬ್ಬಳೇ ಗೆಳತಿ, ಇಬ್ಬರೂ ಒಂದು ಜಲ್ಲಿರಸ್ತೆಯ ಆಚೆ ಈಚೆ ಕುಳಿತು ಮಾತನಾಡಿದರೆ ಜೈಲಿಗೆ ಹೋಗುವಂತಾಯಿತು. ಇದನ್ನು ಬೆರಳಚ್ಚು ಮಾಡಿದವರು ಈ ಕೆಳಗೆ ಸಹಿ ಮಾಡಿರುವವರೇ. ಮೊದಲನೆಯ ಪ್ರತಿಯನ್ನು ಹರಿದು ಹಾಕಿದ್ದರಿಂದ ಎರಡು ಸಲ ಮಾಡಬೇಕಾಯಿತು.

ಸ್ಪಷ್ಟೀಕರಣ ಕೋರಿ ಬಂದ ಪ್ರಶ್ನೆಗಳಿಗೆ ಉತ್ತರ:
(ಅ) ಪರದೆ ಸರಿಸುವುದು ಸಂಪರ್ಕವಲ್ಲ.
(ಆ) ಸರಿಸಿದ ಪರದೆಯನ್ನು ತೆರೆದೇ ಬಿಡುವುದು ಸಂಪರ್ಕವಾಗಬಹುದು.
(ಇ) ಎದುರು ಮನೆಯ ಬಾಗಿಲಿನ ಹಿಮವನ್ನು ಬೆಳಗಾಗುವ ಮೊದಲೇ ಯಾರೋ ಬಾಚಿ ಹೋಗಿದ್ದರೆ, ಯಾರೆಂದು ಉಪಷರೀಫರು ಪತ್ತೆ ಮಾಡತಕ್ಕದ್ದಲ್ಲ.

ಈ ಷರತ್ತಿನ ಬಗ್ಗೆ ಫಿರ್ಯಾದಿಯು ಮತ್ತೆ ಕಿಟಕಿಗೆ ಬಂದು, "ಪಾತ್ರೆ ಬೇಕು ಅಂತ ಬರ್ಕೊಳ್ಳಿ ಅಂದೆ. ಅವಳು ಬೇಡ ಅಂತ ಯಾರ್ ಬರ್ಕೊಂಡಿದ್ದು?" ಎಂದು ಕೇಳಿರುತ್ತಾರೆ. ಕಿಟಕಿಯನ್ನು ಊಟದ ವಿರಾಮಕ್ಕೆ ಮುಚ್ಚಲಾಯಿತು.

6. ವಾಯಿದೆ. ವಾಯಿದೆಗೆ ತಕ್ಕ ಕಾರಣ ಇರತಕ್ಕದ್ದು. ಬಿತ್ತನೆ, ಕೊಯ್ಲು, ಆಲಿಕಲ್ಲು ಹಾಗೂ ಪ್ರೌಢಶಾಲೆಯ ಫುಟ್‌ಬಾಲ್ ಪಂದ್ಯಗಳು ತಕ್ಕ ಕಾರಣಗಳು. ಈ ಪ್ರಕರಣವು ನಾಲ್ಕೂ ಕಾರಣಗಳಿಂದ ಮುಂದೆ ಹೋಗಿರುತ್ತದೆ.

7. ಜ್ಯೂರಿ. ಕಿರು ಅಪರಾಧಕ್ಕೆ ಆರು ಮಂದಿಯ ಜ್ಯೂರಿ. ಆರೋಪಿಯ ಕೈಯಡುಗೆ ಉಂಡವರು ಜ್ಯೂರಿಯಲ್ಲಿ ಕೂರತಕ್ಕದ್ದಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ಉಂಡ ಮನೆಗೆ ಎರಡು ಬಗೆಯಲು ಯಾರಿಗೆ ಮನಸ್ಸು ಬರುತ್ತದೆ? ಈ ಅಂಶ ಎತ್ತಿಹಿಡಿಯಲ್ಪಟ್ಟಿತು. ಆ ಬಳಿಕ ಕರೆಸಿದವರೆಲ್ಲ ಎದ್ದು ಮನೆಗೆ ಹೋದರು. ಉಳಿದವರು ಒಬ್ಬರೇ, ಧಾನ್ಯದ ಗೋದಾಮಿಗೆ ಹೊಸದಾಗಿ ಬಂದ ವ್ಯವಸ್ಥಾಪಕರು. ಹಾಲು ಆಗದ ಕಾರಣ ಅವರು ಅರ್ಲಿಸ್‌ರ ಕೆನೆ ಹಾಕಿದ ಅಡುಗೆಯನ್ನು ಉಂಡೇ ಇರಲಿಲ್ಲವಂತೆ. ಉಣ್ಣದವನಿಗೆ ಅರ್ಲಿಸ್ ಎಂಥವಳೆಂದು ಹೇಗೆ ತಿಳಿದೀತು ಎಂದು ಆರೋಪಿ ಪರ ವಕೀಲರು ಅವರನ್ನೂ ತೆಗೆಸಿದರು. ಎರಡೂ ವಾದಗಳು ಕಾನೂನಿನ ಪ್ರಕಾರ ಸರಿಯಾಗಿಯೇ ಇದ್ದುದರಿಂದ ಜ್ಯೂರಿಯ ಕುರ್ಚಿಗಳು ಖಾಲಿ ಉಳಿದು, ನ್ಯಾಯಾಧೀಶರೇ ವಿಚಾರಣೆ ನಡೆಸಲು ಉಭಯ ಪಕ್ಷಗಳೂ ಒಪ್ಪಬೇಕಾಯಿತು.

8. ಸಾಕ್ಷ್ಯ. ಸಾಕ್ಷಿಯು ಕೇಳಿದ ಪ್ರಶ್ನೆಗೆ ಮಾತ್ರ, ನ್ಯಾಯಾಧೀಶರತ್ತ ಮುಖಮಾಡಿ ಉತ್ತರಿಸತಕ್ಕದ್ದು. ಆರೋಪಿಯತ್ತ ತಿರುಗಕೂಡದು. ಆರೋಪಿಯನ್ನು ಏಕವಚನದಲ್ಲಿ ಸಂಬೋಧಿಸಕೂಡದು. ಈ ನಿಯಮದ ಅಗತ್ಯ ಹೇಗೆ ಬಂದಿತೆಂದರೆ, ಮಣ್ಣಿನ ದಿನ ನೀವು ಏನೂ ತರಬೇಡಿ ಎಂದದ್ದು ನಿಜವೇ ಎಂಬ ಪ್ರಶ್ನೆಗೆ ಫಿರ್ಯಾದಿಯು ಹೌದೆಂದರು. ಫ್ರಿಜ್ ತುಂಬಿತ್ತು, ಒಂದೇ ತಟ್ಟೆ ಹಾಕಿಕೊಂಡು ಕೂತರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದರು. ಅಲ್ಲಿಗೆ ನಿಲ್ಲಿಸತಕ್ಕದ್ದಾಗಿತ್ತು. ನಿಲ್ಲಿಸದೆ ಆರೋಪಿಯತ್ತ ತಿರುಗಿ, "ತಿಂಡಿ ತರ್ಬೇಡಿ ಅಂದೆ ಕಣೇ ಅರ್ಲಿಸ್. ನೀನೂ ಬರ್ಬೇಡ ಅಂದ್ನೇನೇ?" ಎಂದರು.

ಆರೋಪಿಯು ಎದ್ದು ನಿಂತು, ವಕೀಲರು ತೋಳು ಹಿಡಿದೆಳೆದರೂ ಕೂರದೆ, "ಬರಿಗೈಲಿ ಹ್ಯಾಗೆ ಬರ್ಲೇ ನಿನ್ ಮನೇಗೆ? ಹುಟ್ಟಿದಾಗಿಂದ ಬರಿಗೈಲಿ ಯಾರ ಮನೆ ಬಾಗಿಲಿಗೂ ಹೋದೋಳಲ್ಲ ನಾನು" ಎಂದು ಉತ್ತರಿಸಿದರು. "ಹೋಗ್ಲಿ ಬಿಡು. ಹೇಳಿಕೆ ಬರ್ಕೊಳ್ಳೋಕೆ ಪೊಲೀಸ್ನೋನು ಬಂದಿದ್ನಲ್ಲ, ಆವತ್ತು ಒಬ್ರಾದ್ರೂ ನನ್ ಬಾಗಿಲು ತಟ್ಟಿದ್ರು" ಎಂದು ಫಿರ್ಯಾದಿ ಹೇಳಿದ್ದು ಕಡತದಲ್ಲಿದೆ. ಇದು ಜಾಮೀನು ಷರತ್ತಿನ ಸ್ಪಷ್ಟ ಉಲ್ಲಂಘನೆ. ಕೋರ್ಟಿನಲ್ಲಿದ್ದವರೆಲ್ಲ ನೆಲ ನೋಡುತ್ತಿದ್ದ ಕಾರಣ ಯಾರೂ ಇದನ್ನು ಗಮನಕ್ಕೆ ತರಲಿಲ್ಲ. ಅಳುವನ್ನು ಶೀಘ್ರಲಿಪಿಕಾರರು 'ಕೇಳಿಸಲಿಲ್ಲ' ಎಂದು ದಾಖಲಿಸತಕ್ಕದ್ದು. ಶೀಘ್ರಲಿಪಿಕಾರರೇ ಅಳುತ್ತಿದ್ದಲ್ಲಿ ಆ ಭಾಗವನ್ನು ಖಾಲಿ ಬಿಡತಕ್ಕದ್ದು.

9. ಆದೇಶ. ಸರ್ಕಾರಿ ವಕೀಲರು ಮೂಗು ಒರೆಸಿಕೊಂಡು, ಆರೋಪಿಗೆ ಸನ್ನಡತೆಯ ಅವಧಿ ನೀಡಿ ಅದು ಮುಗಿದ ಮೇಲೆ ಪ್ರಕರಣ ವಜಾ ಮಾಡಬಹುದೆಂದು ನಿವೇದಿಸಿಕೊಂಡರು. ಅದರಂತೆ ಸಂಪರ್ಕ ನಿಷೇಧವನ್ನು ತೆಗೆದುಹಾಕಿ, ಸದರಿ ಪಾತ್ರೆಯು ಪ್ರತಿ ಬುಧವಾರ ಜಲ್ಲಿರಸ್ತೆಯನ್ನು ಒಂದು ಸಲ ದಾಟತಕ್ಕದ್ದೆಂದೂ, ಬರಿದಾಗಿ ದಾಟಕೂಡದೆಂದೂ, ತಂದವರು ನಿಂತಲ್ಲೇ ಕೊಟ್ಟು ಹೋಗದೆ ಒಳಗೆ ಬಂದು ಕೂರತಕ್ಕದ್ದೆಂದೂ ಆದೇಶವಾಯಿತು.

10. ಮುದ್ದೆಮಾಲು ಬಿಡುಗಡೆ. ಪಾತ್ರೆಯು ಆಗ ಈ ಕಛೇರಿಯ ವಶದಲ್ಲಿದ್ದು, ತೊಳೆದು ಇಟ್ಟದ್ದರಿಂದ ಬರಿದಾಗಿತ್ತು. ನ್ಯಾಯಾಲಯವೇ ಪದ್ಧತಿ ಮುರಿಯುವಂತಿರಲಿಲ್ಲ. ಬರಿದಾದ ಮುದ್ದೆಮಾಲನ್ನು ತುಂಬಿಸಲು ಕೌಂಟಿಯ ಆಯವ್ಯಯದಲ್ಲಿ ಅವಕಾಶವೂ ಇಲ್ಲ. ಆದ್ದರಿಂದ ಕೆಳಗೆ ಸಹಿ ಮಾಡಿರುವವರು ಸ್ವಂತ ಖರ್ಚಿನಲ್ಲಿ ನೂಡಲ್ಸ್ ಬೇಯಿಸಿ ತುಂಬಿಸಿ ಕೊಟ್ಟಿರುತ್ತಾರೆ. ಉಪ್ಪು ಜಾಸ್ತಿಯಾಗಿತ್ತೆಂದು ಉಭಯ ಪಕ್ಷಗಳೂ ಜಂಟಿಯಾಗಿ ಸಲ್ಲಿಸಿರುವ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ.

11. ಪ್ರಕರಣ ಮುಕ್ತಾಯ. ಸನ್ನಡತೆಯ ಅವಧಿ ಮುಗಿದೊಡನೆ ಪ್ರಕರಣ ತಾನೇ ತಾನಾಗಿ ವಜಾ ಆಗತಕ್ಕದ್ದು. ಈ ಪ್ರಕರಣದಲ್ಲಿ ಅವಧಿ ಮುಗಿದ ಬುಧವಾರ ಆರೋಪಿ ಮತ್ತು ಫಿರ್ಯಾದಿ ಒಂದೇ ಕಾರಿನಲ್ಲಿ ಬಂದು, "ಪಾತ್ರೆಗೆ ಹಾಕೋಣ ಅಂದ್ರೆ ಚೆರ್ರಿ ಇನ್ನೂ ಹಣ್ಣಾಗಿಲ್ಲ" ಎಂಬ ಕಾರಣ ನೀಡಿ ವಾಯಿದೆ ಕೇಳಿದರು. ಚೆರ್ರಿ ಮುಗಿದ ಮೇಲೆ ಪ್ಲಮ್ಮಿಗೆಂದು ಮತ್ತೆ ಬಂದರು. ನಿರಪರಾಧಿಯೆಂದು ಬಿಡುಗಡೆಯಾಗಲು ಆರೋಪಿಯೇ ಒಪ್ಪದಿದ್ದರೆ ಏನು ಮಾಡಬೇಕೆಂದು ಕಾನೂನಿನಲ್ಲಿ ಎಲ್ಲೂ ಹೇಳಿಲ್ಲ. ಎಲ್ಲ ಪುಸ್ತಕಗಳನ್ನೂ ನೋಡಲಾಗಿದೆ.

ಆದ್ದರಿಂದ ಕಲಮು 6ಕ್ಕೆ ತಿದ್ದುಪಡಿ ಮಾಡಿ, ಹಣ್ಣುಗಳನ್ನೂ ತಕ್ಕ ಕಾರಣವೆಂದು ಸೇರಿಸಲಾಗಿದೆ. ಪ್ಲಮ್ಮಿನ ನಂತರ ಸೇಬು ಬರುತ್ತದೆಂಬುದು ಈ ಕಛೇರಿಗೆ ಗೊತ್ತಿದೆ.

ಮೇಲಿನ ಸೂಚನೆಗಳನ್ನು ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ತಪ್ಪಿದವರು ಬುಧವಾರದ ಪಾತ್ರೆ ತೊಳೆಯತಕ್ಕದ್ದು, ಬಿಸಿನೀರು ಬಳಸಕೂಡದು.

ಸಹಿ/-
(ಮಾರ್ಜೀನ್ ರಾಥ್‌ಜೆನ್)
ಶಿರಸ್ತೇದಾರರು, ಡ್ರೈ ಫೋರ್ಕ್ ಕೌಂಟಿ ನ್ಯಾಯಾಲಯ

ಪ್ರತಿಗಳು:

1. ಷರೀಫರಿಗೆ, ಮಾಹಿತಿಗಾಗಿ. ಮುದ್ದೆಮಾಲಿನೊಡನೆ ಬಂದಿದ್ದ ಸೌಟನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
2. ಸರ್ಕಾರಿ ವಕೀಲರಿಗೆ, ಟ್ರ್ಯಾಕ್ಟರ್ ಕೊಂಡಿದ್ದಲ್ಲಿ ಅದರ ಸೀಟಿನ ಮೇಲೆ ಇಡತಕ್ಕದ್ದು.
3. ಚರ್ಚಿನ ಪಾತ್ರೆ ತೊಳೆಯುವ ಮಹಿಳೆಯರಿಗೆ, ನೀರಿನ ಬಿಸಿಯ ಬಗ್ಗೆ ಸೂಕ್ತ ಕ್ರಮಕ್ಕಾಗಿ.
4. ಧಾನ್ಯದ ಗೋದಾಮಿನ ವ್ಯವಸ್ಥಾಪಕರಿಗೆ, ಹಾಲು ಹಾಕದೆ ಮಾಡಿದ್ದನ್ನು ಅರ್ಲಿಸ್ ಕಳಿಸಲಿದ್ದಾರೆಂಬ ಮುನ್ಸೂಚನೆಯೊಂದಿಗೆ.
5. ಶ್ರೀಮತಿ ಅರ್ಲಿಸ್ ಹಿನ್ರಿಕ್ಸೆನ್ ಮತ್ತು ಶ್ರೀಮತಿ ಲವರ್ನ್ ಪೊಸ್ಪಿಶಿಲ್ ಇವರಿಗೆ: ಇಬ್ಬರಿಗೂ ಸೇರಿ ಒಂದೇ ಪ್ರತಿ. ಯಾರ ಮನೆಗೆ ತಲುಪುತ್ತದೋ ಆ ಮನೆಗೆ ಇನ್ನೊಬ್ಬರು ಹೋಗಿ ಓದಿಕೊಳ್ಳತಕ್ಕದ್ದು. ಬರಿಗೈಯಲ್ಲಿ ಹೋದರೂ ಅಡ್ಡಿಯಿಲ್ಲ.