ಬಿರಡೆರಾಯರ ಶಪಥ

ಹಲ್ಲಿನ ಡಾಕ್ಟರ ಕುರ್ಚಿಯಿಂದ ಒಬ್ಬ ರೋಗಿ ಎದ್ದು ಓಡಿಹೋದ. ಅಷ್ಟೇ. ಆ ಭಾನುವಾರದ ರಾದ್ಧಾಂತಕ್ಕೆಲ್ಲ ಅಷ್ಟೇ ಕಾರಣ.

ಓಡಿದವನು ಸುಮ್ಮನೆ ಓಡಲಿಲ್ಲ. ಕೊರಳಿಗೆ ಕಟ್ಟಿದ್ದ ಹಸಿರು ಬಟ್ಟೆಯ ಸಮೇತ, ಬಾಯಲ್ಲಿ ಹತ್ತಿಯುಂಡೆ ಇಟ್ಟುಕೊಂಡೇ ಗೇಟು ದಾಟಿ ಮಾಯವಾದ. ಪಾಪ, ಅವನದೇನು ತಪ್ಪು? ಡಾಕ್ಟರು ಇನ್ನೂ ಸಲಕರಣೆ ಜೋಡಿಸುತ್ತಿದ್ದರು. ಅಷ್ಟರಲ್ಲಿ ಗೋಡೆಯಾಚೆಯಿಂದ ‘ಗ್ರ್ರ್ರ್... ಕಿಯ್ಯ್ಯ್’ ಅಂತ ಶುರುವಾಯಿತು. ಆಚೆ ಕೋಣೆಯಲ್ಲಿ ಯಾರದೋ ಹಲ್ಲನ್ನು ಬುಡಸಮೇತ ಕೊರೆಯುತ್ತಿದ್ದಾರೆ, ಮುಂದಿನ ಸರದಿ ತನ್ನದೇ ಅಂದುಕೊಂಡ. ನೀವಾಗಿದ್ದರೂ ಓಡುತ್ತಿದ್ದಿರಿ.

ಆಚೆ ಕೊರೆಯುತ್ತಿದ್ದದ್ದು ಹಲ್ಲಲ್ಲ, ಮರ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಲೇತ್ ಮೆಷೀನಿನ ಮುಂದೆ ನಿಂತು, ಮೂಗಿಗೆ ಕರ್ಚೀಫು ಕಟ್ಟಿ, ಉಳಿ ಹಿಡಿದು ಪೆನ್ನಿನ ಹೊಟ್ಟೆ ಕಡೆಯುತ್ತಿದ್ದವರು ನಮ್ಮ ಬಿರಡೆರಾಯರು. ವಾರವೆಲ್ಲ ನೀರಿನ ಕಚೇರಿಯಲ್ಲಿ ಗುಮಾಸ್ತಿಕೆ, ಊರವರ ಬೈಗುಳ. ಭಾನುವಾರ ಮಾತ್ರ ಈ ಹವ್ಯಾಸ. ಮರದ ಪೆನ್ನು, ಬಾಟಲಿ ಬಾಯಿಗೆ ಮರದ ಬಿರಡೆ, ಇವೆರಡು ಬಿಟ್ಟು ಮೂರನೆಯದನ್ನು ಮಾಡಿದವರಲ್ಲ. ಬಿರಡೆರಾಯರು ಅನ್ನುವ ಹೆಸರು ಕಟ್ಟಡದವರು ಇಟ್ಟದ್ದು. ಯಾರಾದರೂ ಎದುರಿಗೇ ಹಾಗೆ ಕರೆದರೆ ಮುಗಿಯಿತು, ರಾಯರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಬಾಗಿಲು ಧಡಧಡ ಬಡಿಯಿತು.

“ಈ ನಿಮ್ಮ ಗಿರಣಿ ನಿಲ್ಲಿಸ್ತೀರೋ ಇಲ್ವೋ?” ಡಾಕ್ಟರು ಕೈಗವಸು ಹಾಕಿಕೊಂಡೇ ಬಂದಿದ್ದರು. “ಕುರ್ಚೀಲಿ ಕೂತಿದ್ದ ಮನುಷ್ಯ ಓಡಿಹೋದ ರೀ!”

“ಗಿರಣಿ? ಯಾವುದ್ರೀ ಗಿರಣಿ? ನೀವು ದಿನಾ ಆ ಕಡೆ ಕೂತು ಗುಂಯ್‌ಗುಡಿಸ್ತೀರಲ್ಲ, ಅದೇನು ಸಂಗೀತವಾ?”

“ಅದು ನನ್ನ ಹೊಟ್ಟೆಪಾಡು! ನಿಮ್ಮದು ಶೋಕಿ!”

ಶೋಕಿ ಅಂದದ್ದೇ ತಡ, ರಾಯರ ಕೈಯ ಉಳಿ ಜಾರಿತು. ತಿರುಗುತ್ತಿದ್ದ ಪೆನ್ನು ಟಪ್ಪೆಂದು ಸೀಳಿ ಎರಡು ಹೋಳಾಗಿ ಡಾಕ್ಟರ ಚಪ್ಪಲಿಯ ಮೇಲೆ ಬಿತ್ತು. ಬಿಸಿಲು ತಾಗದ ಹಾಗೆ, ಮಗುವಿನ ಹಾಗೆ ನೋಡಿಕೊಂಡು ಒಣಗಿಸಿದ ಮರ ಅದು. ರಾಯರು ಎರಡು ಹೋಳನ್ನೂ ಎತ್ತಿಕೊಂಡು ಡಾಕ್ಟರ ಮುಖದ ಮುಂದೆ ಹಿಡಿದು ಅದೇನೇನು ಅಂದರೋ, ಮೇಲಿನ ಮಹಡಿಯ ಕಿಟಕಿಗಳೂ ತೆರೆದುಕೊಂಡವು.

ಗದ್ದಲ ಕೇಳಿ ಮೇಷ್ಟ್ರು ಇಳಿದು ಬಂದರು. ಹೆಡ್‌ಮಾಸ್ತರಾಗಿ ನಿವೃತ್ತರಾದವರು, ಈಗ ಕಟ್ಟಡದ ಸಂಘದ ಅಧ್ಯಕ್ಷರು. ಕೈಯಲ್ಲಿ ಬೆತ್ತವೊಂದು ಇರಲಿಲ್ಲ, ಮಿಕ್ಕಿದ್ದೆಲ್ಲ ಹಾಗೇ ಇತ್ತು.

“ಬಾಯಿ ಮುಚ್ಚಿ ಇಬ್ಬರೂ! ಈ ಕೋಣೆ ಐದು ಮನೆಗೂ ಸೇರಿದ್ದು. ಎಲ್ಲರೂ ಒಪ್ಪಿದ್ದಕ್ಕೆ ಮೆಷೀನು ಇಲ್ಲಿದೆ. ಒಂದೇ ಒಂದು ಮನೆಯವರು ಬೇಡ ಅಂದ್ರೂ ಎತ್ತಂಗಡಿ. ಸಂಜೆ ಮೀಟಿಂಗು, ಅಲ್ಲೇ ತೀರ್ಮಾನ.”

ಮೇಲೆ ರಾಯರ ಎರಡು ಕೋಣೆಯ ಮನೆಯಲ್ಲಿ ಮಂಚ ಹಾಕಿದರೆ ಬೀರು ತೆರೆಯಲಾಗುತ್ತಿರಲಿಲ್ಲ. ಅಲ್ಲಿ ಲೇತ್ ಎಲ್ಲಿಡುವುದು? ಇಲ್ಲಿಂದ ಎತ್ತಿದರೆ ಅದಕ್ಕೆ ಗುಜರಿಯವನ ತಕ್ಕಡಿಯೇ ಗತಿ. ಆಮೇಲೆ ವಾರವಿಡೀ ಬೈಸಿಕೊಂಡು ಬಂದ ಮನುಷ್ಯ ಭಾನುವಾರ ಏನು ಮಾಡಬೇಕು? ಗೋಡೆ ನೋಡಬೇಕೇ?

ಉರಿಯುತ್ತಾ ಮನೆಗೆ ಹತ್ತಿದರು. ಹೆಂಡತಿ ಅಡುಗೆಮನೆಯಲ್ಲಿ ಗೂಡು ಒರೆಸುತ್ತಿದ್ದಳು.

“ರೀ, ನೋಡಿ, ಇವತ್ತೂ ಎಣ್ಣೆ ಸೋರಿದೆ. ಈ ಬಾಟಲಿಗೊಂದು ಸರಿಯಾದ ಬಿರಡೆ ಮಾಡ್ಕೊಡಿ ಅಂತ ಎಷ್ಟು ಸಲ ಹೇಳೋದು?”

ಆ ಬಿರಡೆ ರಾಯರು ಕಡೆದ ಮೊಟ್ಟಮೊದಲನೆಯದು. ಮೆಷೀನು ತಂದ ಹುಮ್ಮಸ್ಸಿನಲ್ಲಿ ಹಸಿ ಮರವನ್ನೇ ಕಡೆದು ಹೆಂಡತಿಯ ಕೈಗಿಟ್ಟಿದ್ದರು. ಒಣಗುತ್ತಾ ಒಣಗುತ್ತಾ ಅದು ಕುಗ್ಗಿತು. ಅಂದಿನಿಂದ ಬಾಟಲಿಯ ಬಾಯಲ್ಲಿ ಅಜ್ಜನ ಕಟ್ಟಿಸಿದ ಹಲ್ಲಿನ ಹಾಗೆ ಅಲ್ಲಾಡಿಕೊಂಡಿತ್ತು.

“ಇಲ್ಲಿ ನನ್ನ ತಲೆ ಮೇಲೆ ಬೆಂಕಿ ಬಿದ್ದಿದೆ, ನಿನಗೆ ಎಣ್ಣೆ ಬಾಟಲಿ ಚಿಂತೆ!” ಅಂದರು ರಾಯರು. “ಆಮೇಲೆ ನೋಡೋಣ ಅಂದ್ನಲ್ಲ!”

“ಸರಿ ಬಿಡಿ,” ಅಂದಳು ಹೆಂಡತಿ. ಒರೆಸುವ ಬಟ್ಟೆ ಹಿಂಡಿದಳು. “ಹೀಗೆ ಹಾರಾಡಿದ್ರೆ ಕೆಲಸ ಕೆಡುತ್ತೆ. ಒಂದೊಂದು ಮನೆಗೂ ಹೋಗಿ ಎರಡು ಒಳ್ಳೆ ಮಾತಾಡಿ ಬನ್ನಿ.”

ಮಾತು ಸರಿ ಅನ್ನಿಸಿತು. ಮುಖಕ್ಕೆ ನೀರು ಹಾಕಿಕೊಂಡು, ಬಲವಂತದಿಂದ ಒಂದು ನಗೆ ತಂದುಕೊಂಡು, ಮೊದಲು ಎಲ್ಲಕ್ಕಿಂತ ಮೇಲಿನ ಮಹಡಿಗೆ ಹೋದರು. ಅಲ್ಲಿ ಆಸ್ಪತ್ರೆಯ ಸಿಸ್ಟರ್ ಒಬ್ಬರೇ ಇರುತ್ತಿದ್ದರು. ರಾಯರು ಬೆಲ್ ಒತ್ತಿದರು. ಮತ್ತೆ ಒತ್ತಿದರು. ಕೊನೆಗೆ ಬಾಗಿಲು ಗುದ್ದಿದರು. ಕೆದರಿದ ತಲೆಯ ಸಿಸ್ಟರ್ ಗಾಬರಿಯಾಗಿ ಬಾಗಿಲು ತೆರೆದರು.

“ಏನ್ ಸಾರ್? ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ ಸಿಸ್ಟರ್. ರಾತ್ರಿ ಡ್ಯೂಟಿ ಮಾಡಿ ಹಗಲು ಮಲಗ್ತೀರಲ್ಲ, ನನ್ನ ಮೆಷೀನಿಂದ ನಿಮ್ಮ ನಿದ್ದೆಗೆ ತೊಂದರೆ ಆಗ್ತಿದೆಯಾ ಅಂತ ಕೇಳೋಣ ಅಂತ ಬಂದೆ.”

ಸಿಸ್ಟರ್ ಅವರನ್ನೇ ದುರುಗುಟ್ಟಿ ನೋಡಿದರು. “ಮೆಷೀನಿಂದ ಆಗಿರಲಿಲ್ಲ ಸಾರ್,” ಅಂದರು. ಬಾಗಿಲು ಮುಚ್ಚಿತು.

“ಒಳ್ಳೆ ಮಾತಾಡೋಕೆ ಬಂದ್ರೆ ಮುಖಕ್ಕೆ ಬಾಗಿಲು ಹಾಕ್ತೀರಾ?” ರಾಯರು ಬಾಗಿಲಿಗೇ ಕೂಗಿದರು. “ಇದೇನಾ ಮರ್ಯಾದೆ?” ಒಳಗಿನಿಂದ ಒಂದು ಚಪ್ಪಲಿ ಬಂದು ಬಾಗಿಲಿಗೆ ಬಡಿದ ಸದ್ದಾಯಿತು. ಒಂದು ವೋಟು ಹೋಯಿತು ಅಂದುಕೊಂಡು ರಾಯರು ಕೆಳಗಿಳಿದರು.

ಕೆಳಗೆ ಡಾಕ್ಟರ ಎದುರು ಮನೆ ಟೈಲರದ್ದು. ಮೆಟ್ಟಿಲ ಕೋಣೆ ಬಿಟ್ಟುಕೊಟ್ಟದ್ದಕ್ಕಾಗಿ ರಾಯರು ಪ್ರತಿ ಮನೆಗೂ ಒಂದು ಪೆನ್ನು, ಒಂದು ಬಿರಡೆ ಕಡೆದುಕೊಟ್ಟಿದ್ದರು. ಅದರಲ್ಲಿ ಟೈಲರ ಪೆನ್ನಿಗೆ ಬಿದ್ದ ಶ್ರಮ ಬೇರೆ ಯಾವುದಕ್ಕೂ ಬಿದ್ದಿರಲಿಲ್ಲ. ಕನ್ನಡಿಯಷ್ಟು ನುಣುಪು ಬರುವ ತನಕ ಉಜ್ಜಿದ್ದರು.

ಟೈಲರ್ ಒಂದು ಶರ್ಟಿನ ಕಾಲರನ್ನು ಒಳಹೊರಗೆ ತಿರುವಿ, ಅದರ ಮೂಲೆ ಚೂಪಾಗಿ ಬರಲಿ ಅಂತ ಒಳಗಿನಿಂದ ಏನನ್ನೋ ತೂರಿಸಿ ಕುಟುಕುತ್ತಿದ್ದ.

“ಬನ್ನಿ ಸಾರ್, ಬನ್ನಿ. ನೀವು ಕೊಟ್ಟದ್ದು ಎಷ್ಟು ಉಪಯೋಗಕ್ಕೆ ಬರ್ತಿದೆ ನೋಡಿ!” ಅಂತ ಕಾಲರೊಳಗಿನಿಂದ ಹೊರಗೆಳೆದ. ಪೆನ್ನು. ಅದರ ನಿಬ್ಬು ಕಿತ್ತು, ಮೂತಿಯನ್ನು ಕತ್ತರಿಯಲ್ಲಿ ಹೆರೆದು, ಕಡ್ಡಿಯ ಹಾಗೆ ಚೂಪು ಮಾಡಿದ್ದ.

ರಾಯರು ಪೆನ್ನು ಕಿತ್ತುಕೊಂಡು ಅದರ ಮೂತಿ ಮುಟ್ಟಿ ನೋಡಿದರು. ಆಮೇಲೆ ಬಾಯಿ ಬಿಟ್ಟರು. “ಅಯ್ಯೋ ಪಾಪಿ! ಇದನ್ನ ನಿನಗೆ ಕಾಲರು ಚುಚ್ಚೋಕೆ ಕೊಟ್ನೇನಯ್ಯಾ? ಒಂದು ಕಡ್ಡಿಗೆ ಗತಿ ಇರಲಿಲ್ವಾ ನಿನಗೆ? ಕತ್ತೆಗೇನು ಗೊತ್ತು...”

“ಕತ್ತೆ ಅಂದ್ರಾ ಸಾರ್?” ಟೈಲರ್ ಎದ್ದು ನಿಂತ. “ಹೋದ ತಿಂಗಳು ನಿಮ್ಮ ಪ್ಯಾಂಟು ಸಡಿಲ ಮಾಡಿಕೊಟ್ಟಾಗ ಕತ್ತೆ ಆಗಿರಲಿಲ್ಲ, ಈಗ ಆದ್ನಾ?”

ಎರಡನೇ ವೋಟೂ ಹೋಯಿತು. ಡಾಕ್ಟರದ್ದು ಬೆಳಿಗ್ಗೆಯೇ ಹೋಗಿತ್ತು. ಮೇಷ್ಟ್ರ ಬಾಗಿಲು ತಟ್ಟುವ ಧೈರ್ಯವಾಗಲಿಲ್ಲ. ರಾಯರು ಮೆಷೀನಿನ ಕೋಣೆಯ ಬಾಗಿಲು ಹಾಕಿಕೊಂಡು ಸಂಜೆಯವರೆಗೂ ಒಳಗೇ ಕೂತರು. ಹೆಂಡತಿ ಊಟಕ್ಕೆ ಕರೆದರೆ ಅವಳ ಮೇಲೂ ರೇಗಿದರು.

ಮೀಟಿಂಗು ಡಾಕ್ಟರ ಮನೆಯ ಮುಂದಿನ ಕೋಣೆಯಲ್ಲಿ, ರೋಗಿಗಳು ಕಾಯುವ ಬೆಂಚುಗಳ ಮೇಲೆ. ರಾಯರ ಮನೆ ಹೆಂಡತಿಯ ಹೆಸರಿನಲ್ಲಿದ್ದದ್ದರಿಂದ ಆ ಮನೆಯ ವೋಟು ಅವಳದು. ಅವಳು ಮೂಲೆಯಲ್ಲಿ ಕೂತಿದ್ದಳು. ರಾಯರು ಆರೋಪಿಯ ಹಾಗೆ ನಡುವೆ ನಿಂತಿದ್ದರು.

“ಕೈ ಎತ್ತಿಸಿದ್ರೆ ನಾಳೆ ಮೆಟ್ಟಿಲಲ್ಲಿ ಜಗಳ. ಚೀಟಿ ಬರೆಸಿದ್ರೆ ನಿಮ್ಮೆಲ್ಲರ ಅಕ್ಷರ ನನಗೆ ಗೊತ್ತು,” ಅಂದರು ಮೇಷ್ಟ್ರು. “ಗುಟ್ಟಾಗಿ ಆಗ್ಬೇಕು. ಎಲ್ಲರ ಮನೇಲೂ ಇವರು ಕೊಟ್ಟ ಬಿರಡೆ ಇದೆ. ಹೋಗಿ ತನ್ನಿ. ಇಗೋ ಬಿಸ್ಕತ್ತಿನ ಡಬ್ಬಿ, ಮೇಲೆ ಟವೆಲ್ಲು. ಎಲ್ಲರೂ ಮುಷ್ಟಿ ಒಳಗೆ ಹಾಕಿ. ಮೆಷೀನು ಬೇಡ ಅನ್ನೋರು ಬಿರಡೆ ಬಿಟ್ಟುಬನ್ನಿ. ಇರಲಿ ಅನ್ನೋರು ಮುಷ್ಟೀಲೇ ವಾಪಸ್ ತನ್ನಿ. ಯಾರದು ಅಂತ ಯಾರಿಗೂ ಗೊತ್ತಾಗಲ್ಲ. ಎಲ್ಲಾ ಒಂದೇ ಥರ ಇವೆ.”

“ಏನಂದ್ರಿ?” ರಾಯರ ಕಿವಿಯೂ ಕೆಂಪಾಯಿತು. “ಒಂದೇ ಥರ? ನಾನು ಮಾಡಿದ ಒಂದೊಂದಕ್ಕೂ ಬೇರೆ ಮರ, ಬೇರೆ ಕತ್ತು, ಬೇರೆ ತಲೆ! ಕಣ್ಣು ಕಟ್ಟಿ ಕೈಗೆ ಕೊಡಿ, ಯಾರ ಮನೇದು ಅಂತ ಹೇಳ್ತೀನಿ!”

“ಗುಟ್ಟಿನ ವೋಟು ರೀ ಇದು!”

“ನಿಮಗೆ ಗುಟ್ಟು, ನನಗಲ್ಲ! ಕೇಳಿಸ್ಕೊಳ್ಳಿ ಎಲ್ಲರೂ!” ರಾಯರು ಬೆಂಚು ಗುದ್ದಿದರು. ಬೆಳಗಿನಿಂದ ಕೂಡಿಟ್ಟ ಸಿಟ್ಟೆಲ್ಲ ಒಟ್ಟಿಗೇ ನುಗ್ಗಿತು. “ಆ ಡಬ್ಬೀಲಿ ಯಾರ ಬಿರಡೆ ಸಿಗುತ್ತೋ, ಸಾಯೋವರೆಗೂ ಆ ಮನೇಲಿ ಒಂದು ತೊಟ್ಟು ನೀರು ಮುಟ್ಟಲ್ಲ! ಮುಟ್ಟಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ! ಇದು ನನ್ನ ಶಪಥ!”

“ರೀ, ಆಣೆ ಗೀಣೆ ಬೇಡ,” ಅಂದಳು ಹೆಂಡತಿ ಮೂಲೆಯಿಂದ.

“ನೀನು ಸುಮ್ನಿರು! ನಿನಗೇನು ಗೊತ್ತು!”

ಅವಳು ಬಿರಡೆ ತರಲು ಎದ್ದು ಹೋದಳು.

ಎಲ್ಲರೂ ಬಿರಡೆ ತಂದರು. ಮೇಷ್ಟ್ರದ್ದು ಬೀರುವಿನೊಳಗಿನ ಯಾವುದೋ ಬಾಟಲಿಯಿಂದ ಬಂದಿತ್ತು. ಅದರ ವಾಸನೆಗೆ ಟೈಲರ್ ಮೂಗರಳಿಸಿದಾಗ “ಕೆಮ್ಮಿನ ಔಷಧಿ” ಅಂತ ಯಾರೂ ಕೇಳದಿದ್ದರೂ ಮೇಷ್ಟ್ರೇ ಹೇಳಿದರು. ಒಬ್ಬೊಬ್ಬರೂ ಟವೆಲ್ಲಿನಡಿ ಮುಷ್ಟಿ ತೂರಿಸಿದರು, ತೆಗೆದರು, ಜೇಬಿಗೋ ಚೀಲಕ್ಕೋ ಇಳಿಸಿದರು. ಡಾಕ್ಟರು ಕೈ ಹಾಕಿದಾಗ ರಾಯರು ಹಲ್ಲು ಕಡಿದ ಸದ್ದು ಎಲ್ಲರಿಗೂ ಕೇಳಿಸಿತು. “ಹಾಗೆ ಕಡೀಬೇಡಿ, ಸವೆದುಹೋಗುತ್ತೆ,” ಅಂದರು ಡಾಕ್ಟರು.

ಮೇಷ್ಟ್ರು ಡಬ್ಬಿ ಅಲ್ಲಾಡಿಸಿದರು. ಒಳಗೆ ಟಕಟಕ ಅಂದಿತು. ಒಂದೇ ಒಂದು.

“ಒಂದು ಸಾಕು,” ಅಂದರು ಮೇಷ್ಟ್ರು. “ಮೆಷೀನು ಹೋಯ್ತು.”

“ಕೊಡಿ ಇಲ್ಲಿ!” ರಾಯರು ಡಬ್ಬಿ ಕಿತ್ತುಕೊಂಡು, ಡಾಕ್ಟರ ಕಡೆಯೇ ಕಣ್ಣು ನೆಟ್ಟು, ಕೈ ಒಳಗೆ ಹಾಕಿದರು.

ಬೆರಳಿಗೆ ಜಿಡ್ಡು ತಾಗಿತು. ಆಮೇಲೆ ಕತ್ತು. ಕತ್ತಿನಲ್ಲಿ ಒಂದು ಕಡೆ ಉಳಿ ಕಚ್ಚಿದ ಸಣ್ಣ ಗುಳಿ. ಮೆಷೀನು ತಂದ ಮೊದಲ ದಿನ, ಕೈ ತಪ್ಪಿದಾಗ ಬಿದ್ದದ್ದು. ರಾಯರಿಗೆ ಅದನ್ನು ಹೊರಗೆ ತೆಗೆದು ನೋಡಬೇಕಾಗಿಯೇ ಇರಲಿಲ್ಲ. ಮೂಲೆಯ ಕಡೆ ನೋಡಿದರು. ಹೆಂಡತಿ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

“ಯಾರದು ಸಾರ್?” ಅಂದ ಟೈಲರ್. “ನಂದಲ್ಲ ಅಂತ ಇವರಿಗೆಲ್ಲ ಹೇಳ್ಬಿಡಿ!”

“ನಂದೂ ಅಲ್ಲ ಅಂತ ಹೇಳಿ,” ಅಂದರು ಸಿಸ್ಟರ್.

“ಹೇಳ್ರೀ, ಹೇಳ್ರೀ!” ಗುಟ್ಟು ಗುಟ್ಟು ಅಂದಿದ್ದ ಮೇಷ್ಟ್ರೇ ಎಲ್ಲರಿಗಿಂತ ಮುಂದೆ ಬಗ್ಗಿದ್ದರು.

ರಾಯರು ಬಿರಡೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಜೇಬಿಗೆ ತುರುಕಿದರು.

“ಗೊತ್ತಾಗ್ತಿಲ್ಲ,” ಅಂದರು. “ಎಲ್ಲಾ... ಎಲ್ಲಾ ಒಂದೇ ಥರ ಇವೆ.”

“ನಾನು ಹೇಳ್ಲಿಲ್ವಾ?” ಅಂದರು ಮೇಷ್ಟ್ರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ರಾಯರು ಜೇಬಿನಿಂದ ಬಿರಡೆ ತೆಗೆದು ಮೇಜಿನ ಮೇಲಿಟ್ಟರು. “ನೀನಾ?” ಅಂದರು. ಕೂಗೋಣ ಅಂದರೆ ದನಿಯೇ ಉಳಿದಿರಲಿಲ್ಲ. “ಊರೆಲ್ಲ ನನ್ನ ಪರವಾಗಿತ್ತು ಕಣೇ!”

“ಬಾಟಲಿ ಬಾಯಲ್ಲಿ ಇದ್ದೂ ಅದು ಪ್ರಯೋಜನಕ್ಕೆ ಬರಲಿಲ್ಲ. ಡಬ್ಬೀಲಾದ್ರೂ ಬರಲಿ ಅಂತ ಹಾಕ್ದೆ.”

“ನನಗೆ ಮೊದಲೇ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದೀನಿ. ಬೆಳಿಗ್ಗೆ ಹೇಳ್ದೆ. ಹೋದ ವಾರ ಹೇಳ್ದೆ. ಹೋದ ವರ್ಷವೂ ಹೇಳ್ದೆ.” ಹೆಂಡತಿಯ ದನಿ ಏರಲಿಲ್ಲ. ಅದೇ ರಾಯರಿಗೆ ಹೆದರಿಕೆಯಾದದ್ದು. “ಡಾಕ್ಟರಿಗೆ ಬಿರಡೆ, ಮೇಷ್ಟ್ರಿಗೆ ಬಿರಡೆ, ಕಾಲರು ಚುಚ್ಚೋಕೆ ಪೆನ್ನು. ನನಗೆ ಹಾಸಿಗೆ ತುಂಬ ಮರದ ಹೊಟ್ಟು, ಮಾತೆತ್ತಿದ್ರೆ ರೇಗಾಟ. ಈ ಕಟ್ಟಡದಲ್ಲಿ ಸಿಟ್ಟು ಬರೋದು ನಿಮಗೊಬ್ಬರಿಗೇ ಅಂದ್ಕೊಂಡಿದ್ರಾ? ನನಗೂ ಬರುತ್ತೆ ರೀ. ತುಂಬಾ ಬರುತ್ತೆ.”

ರಾಯರು ಕುರ್ಚಿ ಎಳೆದುಕೊಂಡು ಕೂತರು. ಹೆಂಡತಿ ಒಂದು ಲೋಟ ನೀರು ತಂದು ಮುಂದಿಟ್ಟಳು.

“ಬೆಳಗಿಂದ ಅರಚಿ ಗಂಟಲು ಒಣಗಿರುತ್ತೆ. ಕುಡೀರಿ.” ರಾಯರು ಕೈ ಚಾಚಿದರು. “ಅಯ್ಯೋ, ಮರೆತೇಬಿಟ್ಟೆ,” ಅಂದಳು. “ಈ ಮನೇಲಿ ನೀವು ನೀರು ಮುಟ್ಟೋ ಹಾಗಿಲ್ಲ ಅಲ್ವಾ? ನಿಮ್ಮಪ್ಪನ ಮರ್ಯಾದೆ ಪ್ರಶ್ನೆ.” ಆ ಲೋಟ ಎತ್ತಿ ತಾನೇ ಗಟಗಟ ಕುಡಿದಳು.

ರಾಯರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕೊನೆಗೆ ಮೆಲ್ಲಗೆ ಎದ್ದು ಮೆಟ್ಟಿಲಿಳಿದರು. ಸಿಸ್ಟರ್ ಡ್ಯೂಟಿಗೆ ಹೋಗಿದ್ದರು, ಟೈಲರ್ ದೀಪ ಆರಿಸಿದ್ದ, ಮೇಷ್ಟ್ರ ಮನೆಗೆ ಹೋದರೆ ಪಾಠವಾಗುತ್ತಿತ್ತು. ಡಾಕ್ಟರ ಬಾಗಿಲು ತೆರೆದಿತ್ತು.

“ಡಾಕ್ಟ್ರೇ, ಸ್ವಲ್ಪ ನೀರು ಸಿಗುತ್ತಾ?”

“ಬನ್ನಿ ಬನ್ನಿ, ಕೂತ್ಕೊಳ್ಳಿ.” ಬೆಂಚಿನ ಮೇಲೆ ಏನೋ ಹರಡಿತ್ತು, ರೋಗಿಯ ಕುರ್ಚಿಯೊಂದೇ ಖಾಲಿ. ರಾಯರು ಅದರಲ್ಲೇ ಒರಗಿದರು. ಡಾಕ್ಟರು ಪಕ್ಕದ ನಲ್ಲಿಯಿಂದ ಪುಟ್ಟ ಕಪ್ಪಿಗೆ ನೀರು ಹಿಡಿದು ಕೊಟ್ಟರು.

“ಬೆಳಿಗ್ಗೆ ಸಿಟ್ಟಲ್ಲಿ ಏನೋ ಅಂದ್ಬಿಟ್ಟೆ. ಮನಸಲ್ಲಿ ಇಟ್ಕೋಬೇಡಿ,” ಅಂದರು ಡಾಕ್ಟರು. “ಆದ್ರೆ ವೋಟು ನಾನು ಹಾಕಿಲ್ಲ ರೀ. ಯಾಕೆ ಹಾಕ್ಲಿ? ನನ್ನ ಲವಂಗದೆಣ್ಣೆ ಬಾಟಲಿಗೆ ನೀವು ಕೊಟ್ಟ ಬಿರಡೆ ಇದೆಯಲ್ಲ, ಒಂದು ಹನಿ ಸೋರಿಲ್ಲ. ಅಂಥ ಕೈ ಕೆಲಸದವರನ್ನ ಹೊರಗೆ ಹಾಕ್ಬೇಕು ಅಂದ್ರೆ... ಯಾರ್ರೀ ಆ ಮನೆಹಾಳರು?”

ರಾಯರು ಕಪ್ಪಿನ ನೀರನ್ನೆಲ್ಲ ಒಂದೇ ಸಲಕ್ಕೆ ಬಾಯಿಗೆ ಸುರಿದುಕೊಂಡರು. ಉತ್ತರ ಕೊಡದಿರಲು ಅದೊಂದೇ ದಾರಿಯಾಗಿತ್ತು.

“ಹ್ಞಾಂ, ಈಗ ಚೆನ್ನಾಗಿ ಮುಕ್ಕಳಿಸಿ ಉಗೀರಿ,” ಅಂದರು ಡಾಕ್ಟರು ಅಭ್ಯಾಸಬಲದಿಂದ.

ರಾಯರು ನುಂಗಿಕೊಂಡರು. ಇನ್ನೊಂದು ಕಪ್ಪು ಕೇಳಿದರು.